ಮುಂದೆ ನಿಂತ ಸೇನಾನಿ: ಜನರಲ್ ಕೆ. ಎಸ್. ತಿಮ್ಮಯ್ಯ

ಕೊಡಗಿನ ಮಲೆಗಳಲ್ಲಿ ಹುಟ್ಟುವ ಪಯಸ್ವಿನಿಯು ಸುಳ್ಯದ ಸೀಮೆಯನ್ನು ಹಾದು ಬಂದು, ನಮ್ಮ ಜಿಲ್ಲೆಯಲ್ಲಿ ಚಂದ್ರಗಿರಿ ಹೊಳೆಯೆನಿಸಿ, ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಪಾಣತ್ತೂರಿನಿಂದ ಹೊರಟ ರಸ್ತೆ ಕರಿಕೆಯ ಕಾಡುಗಳನ್ನೇರಿ ಭಾಗಮಂಡಲವನ್ನು ಮುಟ್ಟುತ್ತದೆ. ರಾಜ್ಯಗಳ ಗಡಿ ಎಲ್ಲಿಯೇ ಇರಲಿ, ಕೊಡಗು ನಮ್ಮ ನೆರೆಮನೆ. ಆ ನೆರೆಮನೆಯಲ್ಲಿ ಹುಟ್ಟಿ, ಹಿಮಾಲಯದ ಹಿಮದಲ್ಲಿ ಹೋರಾಡಿ, ದೂರದ ದ್ವೀಪವೊಂದರಲ್ಲಿ ಕರ್ತವ್ಯನಿರತರಾಗಿದ್ದಾಗಲೇ ಕಣ್ಣುಮುಚ್ಚಿದ ಜನರಲ್ ತಿಮ್ಮಯ್ಯನವರ ಚರಿತ್ರೆಯನ್ನು ಈ ಶತಮಾನೋತ್ಸವ ಸಂಪುಟದಲ್ಲಿ ನಮ್ಮ ಮಕ್ಕಳ ಮುಂದಿಡಬೇಕೆಂದು ನಾವು ಬಯಸಿದೆವು.

ನಮ್ಮ ಶಾಲೆಯ ಮಕ್ಕಳು ಮಂಜೇಶ್ವರದ ಗೋವಿಂದ ಪೈಗಳನ್ನೂ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ಬಲ್ಲರು. ನುಡಿಯ ವೀರರನ್ನು ಬಲ್ಲ ಈ ಮಕ್ಕಳು ಕನ್ನಡ ನಾಡಿನ ಮಣ್ಣಿನಿಂದ ಬಂದ ಕಾಳಗದ ವೀರರನ್ನೂ ಅರಿಯಬೇಕಾದುದು ಉಚಿತವೇ ಆಗಿದೆ. ನೂರು ವರ್ಷಗಳ ಹಿಂದೆ ನಮ್ಮ ಶಾಲೆಯು ಬಾಗಿಲು ತೆರೆದ ಕಾಲಕ್ಕೆ ತಿಮ್ಮಯ್ಯನವರು ಇಪ್ಪತ್ತರ ಆಸುಪಾಸಿನ ತರುಣ. ಪರದೇಶದವರ ಆಳ್ವಿಕೆಯ ಸೈನ್ಯದಲ್ಲಿ ಭಾರತೀಯನೊಬ್ಬ ಅಧಿಕಾರಿಯಾಗುವುದೇ ಅಪೂರ್ವವೆನಿಸಿದ್ದ ದಿನಗಳವು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಕೊಡಂದೇರ ಎಂಬುದು ಮನೆತನದ ಹೆಸರು. ಸುಬ್ಬಯ್ಯ ಎಂಬುದು ಅವರ ಸ್ವಂತ ಹೆಸರು. ತಿಮ್ಮಯ್ಯ ಎಂಬುದು ತಂದೆಯ ಹೆಸರು. ಆದರೆ ಲೋಕವು ಅವರನ್ನು ತಂದೆಯ ಹೆಸರಿನಿಂದಲೇ ಗುರುತಿಸಿತು. ತಂದೆ ಕಾಫಿ ತೋಟಗಳ ಒಡೆಯರು. ತಾಯಿ ಸೀತಮ್ಮನವರು ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕವನ್ನು ಪಡೆದಿದ್ದ ಮಹಿಳೆ. ಆ ತಾಯಿಯ ಮೂವರು ಗಂಡುಮಕ್ಕಳೂ ಸೇನಾಧಿಕಾರಿಗಳಾದರು. ಹಿರಿಯರಾದ ಪೊನ್ನಪ್ಪನವರು ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದಲ್ಲಿ ಸೆರೆಸಿಕ್ಕು, ಬಳಿಕ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯನ್ನು ಸೇರಿದರು. ಕಿರಿಯರಾದ ಸೋಮಯ್ಯನವರು ಸ್ವಾತಂತ್ರ್ಯದ ಬಳಿಕ ಜಮ್ಮು ಕಾಶ್ಮೀರದ ಕಾರ್ಯಾಚರಣೆಯಲ್ಲಿ ಪ್ರಾಣವನ್ನೇ ಅರ್ಪಿಸಿದರು. ಒಂದೇ ತಾಯಿಯ ಮಕ್ಕಳು ಮೂರು ಬೇರೆ ದಾರಿಗಳಲ್ಲಿ ನಡೆದು ದೇಶಕ್ಕೆ ಸಂದರು.

ಬಾಲಕ ಸುಬ್ಬಯ್ಯನ ಓದು ಮೊದಲು ಕೂನೂರಿನ ಸೇಂಟ್ ಜೋಸೆಫ್ಸ್‌ನಲ್ಲಿಯೂ ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ನಡೆಯಿತು. 1922ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಸೈನಿಕ ವಿದ್ಯಾಲಯದ ಮೊದಲ ವಿದ್ಯಾರ್ಥಿಗಳ ಸಾಲಿಗೆ ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ತೆರಳಿ, 1926ರಲ್ಲಿ ಅಧಿಕಾರಿಯಾಗಿ ನೇಮಕಗೊಂಡರು. ಮುಂದೆ ಅವರು ಸೇರಿದುದು 19ನೆಯ ಹೈದರಾಬಾದ್ ರೆಜಿಮೆಂಟನ್ನು. ಅದೇ ಇಂದಿನ ಕುಮಾವೂನ್ ರೆಜಿಮೆಂಟ್.

1935ರಲ್ಲಿ ಅವರಿಗೆ ನೀನಾ ಅವರೊಡನೆ ವಿವಾಹವಾಯಿತು. ಅದೇ ವರ್ಷ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ನಗರವನ್ನು ಭೂಕಂಪವು ನೆಲಸಮಗೊಳಿಸಿದಾಗ ನವದಂಪತಿಗಳು ಆ ಊರಿನಲ್ಲಿಯೇ ಇದ್ದರು. ಸಾವಿರಾರು ಜನ ಮಣ್ಣಿನಡಿಯಲ್ಲಿ ಸಿಲುಕಿದ್ದರು. ಪತಿ ಸೈನಿಕರೊಡನೆ ಅವಶೇಷಗಳ ನಡುವೆ ದುಡಿದರು. ಪತ್ನಿ ಗಾಯಾಳುಗಳ ಶುಶ್ರೂಷೆಗೆ ನಿಂತರು. ಆ ಸೇವೆಗಾಗಿ ನೀನಾ ಅವರಿಗೂ ಕೈಸರ್-ಇ-ಹಿಂದ್ ಪದಕವು ದೊರೆಯಿತು. ಅತ್ತೆ ಪಡೆದ ಪದಕವನ್ನೇ ಸೊಸೆಯೂ ಪಡೆದಂತಾಯಿತು.

ಎರಡನೆಯ ಮಹಾಯುದ್ಧವು ತಿಮ್ಮಯ್ಯನವರ ಸಾಮರ್ಥ್ಯಕ್ಕೆ ಒರೆಗಲ್ಲಾಯಿತು. ಬರ್ಮಾದ ಅರಕಾನ್ ಕರಾವಳಿ ಅವರ ಕಾರ್ಯಕ್ಷೇತ್ರ. ನಮ್ಮ ಕರಾವಳಿಯಂತೆಯೇ ಅದು ಮಳೆ, ಅಳಿವೆ, ಹಿನ್ನೀರು, ದಟ್ಟಕಾಡುಗಳ ನಾಡು. ಅಲ್ಲಿ ಅವರು ಹೈದರಾಬಾದ್ ರೆಜಿಮೆಂಟಿನ 8ನೆಯ ಬೆಟಾಲಿಯನ್ನಿನ ಮುಖ್ಯಾಧಿಕಾರಿಯಾಗಿದ್ದರು. 1945ರ ಜನವರಿಯಲ್ಲಿ ಕಂಗಾವ್ ಎಂಬಲ್ಲಿ ಜಪಾನೀಯರ ಹಿಮ್ಮೆಟ್ಟುವ ದಾರಿಯನ್ನು ಕಡಿದುಹಾಕಲು ಘೋರ ಕಾಳಗವು ನಡೆಯಿತು. ಆ ಕಾಳಗದಲ್ಲಿ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳನ್ನು ನಡೆಸಿದವರು ತಿಮ್ಮಯ್ಯ, ಥೋರಾಟ್ ಮತ್ತು ಸೇನ್ ಎಂಬ ಮೂವರು ಭಾರತೀಯರು. ಭಾರತೀಯರು ಯುದ್ಧಭೂಮಿಯಲ್ಲಿ ದಂಡನ್ನು ನಡೆಸಬಲ್ಲರೇ ಎಂಬ ಸಂಶಯವು ಆಂಗ್ಲ ಅಧಿಕಾರಿಗಳಲ್ಲಿ ಬಹುಕಾಲದಿಂದ ಬೇರೂರಿತ್ತು. ಕಂಗಾವ್ ಅದಕ್ಕೆ ಉತ್ತರ ನೀಡಿತು. ಮೂವರಿಗೂ ಡಿ.ಎಸ್.ಒ. ಎಂಬ ಉನ್ನತ ಶೌರ್ಯ ಪದಕವು ಸಂದಿತು. ಅನಂತರ ತಿಮ್ಮಯ್ಯನವರಿಗೆ 36ನೆಯ ಬ್ರಿಗೇಡಿನ ಹೊಣೆಯು ಬಂದಿತು. ಆ ಮಹಾಯುದ್ಧದಲ್ಲಿ ರಣರಂಗದಲ್ಲಿಯೇ ಕಾಲಾಳುಗಳ ಬ್ರಿಗೇಡನ್ನು ಮುನ್ನಡೆಸಿದ ಏಕೈಕ ಭಾರತೀಯರು ಅವರೇ.

ಸ್ವಾತಂತ್ರ್ಯವು ದೇಶವಿಭಜನೆಯ ದುಃಖದೊಡನೆಯೇ ಬಂದಿತು. ಪಂಜಾಬಿನಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟುತ್ತಿದ್ದಾಗ ಅವರ ರಕ್ಷಣೆಯ ಕಾರ್ಯದಲ್ಲಿ ತಿಮ್ಮಯ್ಯನವರು ತೊಡಗಿದರು. 1948ರ ಮೇ ತಿಂಗಳಲ್ಲಿ, ಮೇಜರ್ ಜನರಲ್ ಪದವಿಯಲ್ಲಿದ್ದ ಅವರಿಗೆ ಕಾಶ್ಮೀರ ಕಣಿವೆಯ ಸೇನಾ ವಿಭಾಗದ ನೇತೃತ್ವವು ದೊರೆಯಿತು. ಅವರ ಜೀವನದ ಅತ್ಯಂತ ಕಠಿಣವಾದ ಅಧ್ಯಾಯವು ಇಲ್ಲಿಂದ ಆರಂಭವಾಗುತ್ತದೆ.

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ಶ್ರೀನಗರದಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗುವ ದಾರಿಯು ಸೋನಾಮಾರ್ಗ, ಬಾಲ್ತಾಲ್‌ಗಳನ್ನು ದಾಟಿ ಜೋಜಿಲಾ ಎಂಬ ಕಣಿವೆಮಾರ್ಗವನ್ನು ಏರಿ, ದ್ರಾಸ್ ಮತ್ತು ಕಾರ್ಗಿಲ್‌ಗಳ ಮೂಲಕ ಸಾಗುತ್ತದೆ. 1999ರ ಯುದ್ಧದಿಂದಾಗಿ ಈ ಹೆಸರುಗಳು ನಮ್ಮ ಮನೆಮನೆಗೂ ಪರಿಚಿತವಾದವು. ಅದಕ್ಕಿಂತ ಅರ್ಧ ಶತಮಾನದ ಹಿಂದೆ, 1948ರಲ್ಲಿ, ದ್ರಾಸ್ ಮತ್ತು ಕಾರ್ಗಿಲ್‌ಗಳೆರಡೂ ಆಕ್ರಮಣಕಾರರ ವಶವಾಗಿದ್ದವು. ಲೇಹ್‌ನಲ್ಲಿ ಇದ್ದುದು ಕೆಲವೇ ಯೋಧರು. ಆ ಚಳಿಗಾಲದಲ್ಲಿ ಪೃಥ್ವೀಚಂದ್ ಎಂಬ ಸಾಹಸಿ ಅಧಿಕಾರಿಯು ಸಣ್ಣದೊಂದು ತಂಡವನ್ನು ಕಟ್ಟಿಕೊಂಡು, ಹಿಮ ಮುಚ್ಚಿದ ಜೋಜಿಲಾವನ್ನು ಕಾಲ್ನಡಿಗೆಯಲ್ಲಿ ದಾಟಿ ಅಲ್ಲಿಗೆ ತಲುಪಿದ್ದರು. ದಾರಿ ಕಡಿದುಹೋದ ಮೇಲೆ ಆ ಪಟ್ಟಣಕ್ಕೆ ನೆಲದ ಮೂಲಕ ಸಕಾಲದಲ್ಲಿ ನೆರವು ಬರುವಂತಿರಲಿಲ್ಲ.

ಉಳಿದಿದ್ದುದು ಆಕಾಶಮಾರ್ಗವೊಂದೇ. ಸೋನಂ ನೋರ್ಬು ಎಂಬ ಲಡಾಖಿನ ಎಂಜಿನಿಯರರು ಸ್ಥಳೀಯರ ಸಹಾಯದಿಂದ ಸಿಂಧೂ ನದಿಯ ಬಯಲಿನಲ್ಲಿ ಮಣ್ಣಿನ ಓಡುದಾರಿಯೊಂದನ್ನು ಸಿದ್ಧಗೊಳಿಸಿದ್ದರು. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲಿನ ಆ ನೆಲದಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಇದ್ದವು ಡಕೋಟಾ ವಿಮಾನದ ಮಿತಿಯನ್ನೇ ಮೀರುವಂತಹ ಶಿಖರಗಳು. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅವರು ಡಕೋಟಾವನ್ನು ಹಾರಿಸಿಕೊಂಡು ಹೋಗಿ ಲೇಹ್‌ನಲ್ಲಿ ಇಳಿಸಿದರು. ಆ ಮೊದಲ ಹಾರಾಟದಲ್ಲಿ ಅವರ ಜೊತೆಗಿದ್ದ ಪ್ರಯಾಣಿಕರು ಸ್ವತಃ ತಿಮ್ಮಯ್ಯನವರು. ತಮ್ಮ ಸೈನಿಕರನ್ನು ಆ ದಾರಿಯಲ್ಲಿ ಕಳುಹಿಸುವ ಮುನ್ನ ಆ ದಾರಿಯ ಅಪಾಯವನ್ನು ತಾವೇ ಪರೀಕ್ಷಿಸಿದಂತಾಯಿತು. ಅನಂತರದ ದಿನಗಳಲ್ಲಿ ಗೂರ್ಖಾ ಯೋಧರು ವಿಮಾನಗಳಲ್ಲಿ ಬಂದಿಳಿದರು, ಲೇಹ್ ಉಳಿಯಿತು.

ಆದರೆ ವಿಮಾನದ ನೆರವಿನಿಂದ ಮಾತ್ರವೇ ಒಂದು ನಾಡನ್ನು ಬಹುಕಾಲ ಉಳಿಸಿಕೊಳ್ಳಲಾಗದು. ಚಳಿಗಾಲವು ಬರುವ ಮುನ್ನ ಜೋಜಿಲಾ ತೆರೆಯಲೇಬೇಕಾಗಿತ್ತು. ಅದರ ಎತ್ತರ 3,528 ಮೀಟರ್. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿನ ಎತ್ತರ 1,748 ಮೀಟರ್ ಎಂಬುದನ್ನು ನೆನೆದರೆ, ಅಂತಹ ಎರಡು ಬೆಟ್ಟಗಳನ್ನು ಒಂದರ ಮೇಲೊಂದು ಇರಿಸಿದಷ್ಟು ಎತ್ತರವದು ಎಂದು ಮಕ್ಕಳು ಊಹಿಸಿಕೊಳ್ಳಬಹುದು. ಇಕ್ಕೆಲಗಳಲ್ಲಿ ಕಡಿದಾದ ಬಂಡೆಗಳು. ಆ ಬಂಡೆಗಳಲ್ಲಿ ಶತ್ರುಗಳು ಕೊರೆದುಕೊಂಡಿದ್ದ ಅಡಗುದಾಣಗಳು. ಅವುಗಳಲ್ಲಿ ಮೆಷಿನ್ ಗನ್ನುಗಳು. ಕೆಳಗಿನ ಇಕ್ಕಟ್ಟಾದ ದಾರಿಯಲ್ಲಿ ಯಾರೇ ಬರಲಿ, ಮೇಲಿನಿಂದ ಗುಂಡಿನ ಮಳೆ ತಪ್ಪದು. ಸೆಪ್ಟೆಂಬರ್ ತಿಂಗಳಲ್ಲಿ 77ನೆಯ ಪ್ಯಾರಾಶೂಟ್ ಬ್ರಿಗೇಡಿನ ಯೋಧರು ದಾರಿಯನ್ನು ಬಿಡಿಸಲು ಮಾಡಿದ ಪ್ರಯತ್ನಗಳು ವಿಫಲವಾದವು. ಹಲವರು ಪ್ರಾಣ ತೆತ್ತರು. ಮೈಗೆ ಬಟ್ಟೆಯ ಹೊರತು ಬೇರೆ ಮರೆಯಿಲ್ಲದ ಕಾಲಾಳುಗಳು ಬಂಡೆಯೊಳಗಿನ ಬಂದೂಕುಗಳನ್ನು ಎದುರಿಸುವುದು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಯಿತು.

ಆಗ ಕೈಗೊಂಡ ನಿರ್ಧಾರವು ಯುದ್ಧಶಾಸ್ತ್ರ ಬಲ್ಲವರನ್ನು ಚಕಿತಗೊಳಿಸುವಂತಹುದು. ಆ ಹಿಮದ ಕಣಿವೆಗೆ ಟ್ಯಾಂಕುಗಳನ್ನು ಏರಿಸುವುದೆಂದು ನಿಶ್ಚಯವಾಯಿತು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಕಾದಾಡಿದ ಉದಾಹರಣೆಯು ಅದುವರೆಗೆ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ರಾಜಿಂದರ್ ಸಿಂಗ್ ಅವರ ನೇತೃತ್ವದ 7ನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮುವಿನ ಕಡೆಯಲ್ಲಿದ್ದವು. ಅವು ಸಣ್ಣ ಜಾತಿಯ ಟ್ಯಾಂಕುಗಳಾದರೂ ಒಂದೊಂದರ ತೂಕ ಹತ್ತು ಟನ್ನಿಗೂ ಮಿಗಿಲು. ದಾರಿಯ ಸೇತುವೆಗಳು ಆ ಭಾರವನ್ನು ತಾಳುವಂತಿರಲಿಲ್ಲ. ಆದುದರಿಂದ ಟ್ಯಾಂಕುಗಳ ಮೇಲ್ಭಾಗದ ಗೋಪುರಗಳನ್ನು ಕಳಚಿ ಪ್ರತ್ಯೇಕವಾಗಿ ಸಾಗಿಸಲಾಯಿತು. ಶತ್ರುವಿಗೆ ಸುಳಿವು ಸಿಗಬಾರದೆಂದು ಅವುಗಳಿಗೆ ಹೊದಿಕೆ ಹೊದಿಸಿ, ಗುಟ್ಟಾಗಿ, ರಾತ್ರಿಯ ವೇಳೆಯಲ್ಲಿ ಶ್ರೀನಗರವನ್ನು ದಾಟಿಸಿದರು.

ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಟ್ಯಾಂಕುಗಳು ಏರುವ ರಸ್ತೆಯನ್ನಾಗಿ ಮಾಡಿದವರು ಮೇಜರ್ ತಂಗರಾಜು ಅವರ ಕೈಕೆಳಗಿನ ಮದ್ರಾಸ್ ಸ್ಯಾಪರ್ಸ್ ಯೋಧರು. ಬೆಂಗಳೂರನ್ನು ನೆಲೆಯಾಗಿ ಹೊಂದಿರುವ, ದಕ್ಷಿಣ ಭಾರತೀಯರೇ ತುಂಬಿರುವ ಪಡೆಯದು. ಹಿಮವನ್ನೇ ಕಾಣದೆ ಬೆಳೆದ ದಕ್ಷಿಣದ ಕೈಗಳು ಶತ್ರುವಿನ ಗುಂಡಿನ ನಡುವೆ, ಮೂಳೆ ಕೊರೆಯುವ ಚಳಿಯಲ್ಲಿ ಆ ಬಂಡೆಗಳನ್ನು ಸಿಡಿಸಿ ದಾರಿ ಮಾಡಿದವು. ಜೋಜಿಲಾದ ವಿಜಯವನ್ನು ನೆನೆಯುವಾಗ ಹಾರೆ ಪಿಕಾಸಿ ಹಿಡಿದ ಈ ಯೋಧರನ್ನು ಮರೆತರೆ ಚರಿತ್ರೆಗೆ ಅನ್ಯಾಯವಾದೀತು.

ಕಾರ್ಯಾಚರಣೆಗೆ ಬೈಸನ್ ಎಂದು ಹೆಸರಿಟ್ಟರು. ನಮ್ಮ ಮಲೆಸೀಮೆಯವರ ಮಾತಿನಲ್ಲಿ ಹೇಳುವುದಾದರೆ ಅದು ಕಾಟಿ. ಕಾಟಿಯು ಕಾಡನ್ನು ಸೀಳಿಕೊಂಡು ನುಗ್ಗುವ ಪರಿಯನ್ನು ಬಲ್ಲವರಿಗೆ ಈ ಹೆಸರಿನ ಔಚಿತ್ಯವು ತಿಳಿದೀತು. ಅಕ್ಟೋಬರ್ ತಿಂಗಳಿಗೆ ಗೊತ್ತುಪಡಿಸಿದ್ದ ದಾಳಿಯು ಹಿಮಪಾತದಿಂದಾಗಿ ಮುಂದಕ್ಕೆ ಹೋಯಿತು. ಕೊನೆಗೆ ಒದಗಿದ ದಿನ 1948ರ ನವೆಂಬರ್ 1.

ನವೆಂಬರ್ 1 ನಮ್ಮ ಊರಿನವರಿಗೆ ಬೇರೊಂದು ಕಾರಣಕ್ಕಾಗಿ ಮರೆಯಲಾಗದ ದಿನ. ಎಂಟು ವರ್ಷಗಳ ಬಳಿಕ, 1956ರ ಅದೇ ದಿನ ಭಾಷಾವಾರು ರಾಜ್ಯಗಳು ರೂಪುಗೊಂಡು ಕಾಸರಗೋಡು ಕೇರಳಕ್ಕೆ ಸೇರಿತು. ಆ ದಿನವನ್ನು ಪ್ರತಿವರ್ಷವೂ ಮಿಶ್ರಭಾವದಿಂದ ನೆನೆಯುವ ನಾವು, ಇನ್ನು ಮುಂದೆ ಜೋಜಿಲಾವನ್ನೂ ಅದರೊಡನೆ ನೆನೆಯಬಹುದು.

ಅಂದು ಮಧ್ಯಾಹ್ನದ ಬಳಿಕ ಟ್ಯಾಂಕುಗಳು ಒಂದರ ಹಿಂದೊಂದಾಗಿ ಕಣಿವೆಯನ್ನು ಏರತೊಡಗಿದವು. ದಾರಿ ಕಿರಿದು; ಒಂದು ಬದಿ ಬೆಟ್ಟ, ಇನ್ನೊಂದು ಬದಿ ಪ್ರಪಾತ. ಮುಂದಿನ ಟ್ಯಾಂಕು ಕೆಟ್ಟು ನಿಂತರೂ, ಹಿಮದಲ್ಲಿ ಜಾರಿದರೂ, ಗುಂಡಿಗೆ ಬಲಿಯಾದರೂ ಹಿಂದಿನ ಸಾಲೆಲ್ಲವೂ ಸ್ತಬ್ಧವಾಗುವಂತಿತ್ತು. ಇಡೀ ದಾಳಿಯ ಭವಿಷ್ಯವೇ ಆ ಮೊದಲ ಟ್ಯಾಂಕನ್ನು ಅವಲಂಬಿಸಿತ್ತು. ಶತ್ರುವಿನ ಮೊದಲ ಗುರಿಯೂ ಅದೇ. ಸೇನಾ ವಿಭಾಗವೊಂದರ ಅಧಿಪತಿಯಾದ ಮೇಜರ್ ಜನರಲ್ ತಿಮ್ಮಯ್ಯನವರು ಕುಳಿತಿದ್ದುದು ಆ ಮೊದಲ ಟ್ಯಾಂಕಿನಲ್ಲಿ.

ಟ್ಯಾಂಕುಗಳು ಕಣಿವೆಯನ್ನೇರಿ ಗುಮ್ರಿ ಎಂಬ ಬಯಲಿಗೆ ಕಾಲಿಟ್ಟೊಡನೆ ಅವುಗಳ ಫಿರಂಗಿಗಳು ಬಂಡೆಗಳಲ್ಲಿನ ಅಡಗುದಾಣಗಳ ಬಾಯಿಗೇ ಗುರಿಯಿಟ್ಟು ಸಿಡಿದವು. ಆ ಎತ್ತರದಲ್ಲಿ, ಆ ಹಿಮದಲ್ಲಿ ಟ್ಯಾಂಕುಗಳು ಬಂದಾವೆಂದು ಶತ್ರುಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ತಿಂಗಳುಗಟ್ಟಲೆ ಅಲ್ಲಾಡದೆ ನಿಂತಿದ್ದ ರಕ್ಷಣಾ ವ್ಯೂಹವು ಕೆಲವೇ ಗಂಟೆಗಳಲ್ಲಿ ಕುಸಿಯಿತು. ಹಿಂಬಾಲಿಸಿ ಬಂದ ಕಾಲಾಳುಗಳು ಸಂಜೆಯೊಳಗೆ ಗುಮ್ರಿಯನ್ನು ವಶಪಡಿಸಿಕೊಂಡರು. ನವೆಂಬರ್ 15ರಂದು ದ್ರಾಸ್ ಕೈಸೇರಿತು. ನವೆಂಬರ್ 23ರಂದು ಕಾರ್ಗಿಲ್ ನಮ್ಮದಾಯಿತು. ಬೆನ್ನಿಗೇ ಲೇಹ್‌ನ ಕಡೆಯಿಂದ ಬಂದ ಯೋಧರೂ ಶ್ರೀನಗರದ ಕಡೆಯಿಂದ ಬಂದವರೂ ಒಂದಾದರು. ವರ್ಷಾಂತ್ಯಕ್ಕೆ ಕದನವಿರಾಮವು ಜಾರಿಗೆ ಬಂದಿತು. ಆ ದಿನದೊಳಗೆ ಜೋಜಿಲಾ ತೆರೆಯದೆ ಇದ್ದಿದ್ದರೆ ಶ್ರೀನಗರ ಮತ್ತು ಲೇಹ್‌ಗಳ ನಡುವಣ ದಾರಿಯು ಶತ್ರುವಿನ ಕೈಯಲ್ಲಿಯೇ ಉಳಿದು, ಲಡಾಖಿನ ಗತಿಯೇ ಬೇರೆಯಾಗುತ್ತಿತ್ತು.

ಇಲ್ಲಿ ಒಂದು ಪ್ರಶ್ನೆಯು ಏಳುವುದು ಸಹಜ. ಸಾವಿರಾರು ಯೋಧರ ಹೊಣೆ ಹೊತ್ತ ದಂಡನಾಯಕನು ಮೊದಲ ಟ್ಯಾಂಕಿನಲ್ಲಿ ಕುಳಿತು ಹೋಗುವುದು ವಿವೇಕವೇ? ಅವರೇ ಮಡಿದಿದ್ದರೆ ದಾಳಿಯನ್ನು ನಡೆಸುವವರು ಯಾರು? ದಂಡನಾಯಕನ ಸ್ಥಾನವು ಹಿಂದೆ, ನಕ್ಷೆಯ ಮುಂದೆ, ಎಂಬುದು ಸಾಮಾನ್ಯ ನಿಯಮ. ಆ ನಿಯಮದಲ್ಲಿ ಅರ್ಥವೂ ಇದೆ. ತಿಮ್ಮಯ್ಯನವರಂತಹ ಅನುಭವಿಗಳಿಗೆ ಅದು ತಿಳಿಯದ ವಿಷಯವಲ್ಲ.

ನಮಗೆ ತೋರುವ ಉತ್ತರವಿದು. ಟ್ಯಾಂಕನ್ನು ನಡೆಸುವ ಸಿಬ್ಬಂದಿಗೆ ಅಂದು ಒಪ್ಪಿಸಿದ್ದುದು ಜಗತ್ತಿನಲ್ಲಿ ಯಾರೂ ಮಾಡದಿದ್ದ ಕೆಲಸ. ಎರಡು ಸಲ ಸೋತು ಬಂದ ಕಾಲಾಳುಗಳಿಗೆ ಅದೇ ಕಣಿವೆಗೆ ಮೂರನೆಯ ಸಲ ನುಗ್ಗುವಂತೆ ಹೇಳಬೇಕಾಗಿತ್ತು. ಇದು ಆಗುವ ಕೆಲಸವೆಂದು ಬಾಯಿಮಾತಿನಲ್ಲಿ ಹೇಳಿದರೆ ನಂಬುವುದು ಕಷ್ಟ. ಹೇಳಿದವರೇ ಮುಂದಿನ ಟ್ಯಾಂಕನ್ನು ಏರಿದಾಗ ಮಾತಿಗೆ ಅವಶ್ಯಕತೆಯೇ ಉಳಿಯಲಿಲ್ಲ. ಆ ಧೈರ್ಯವು ಆ ಕ್ಷಣದ ಆವೇಶದಿಂದ ಹುಟ್ಟಿದುದೂ ಅಲ್ಲ. ಸೇತುವೆಗಳ ಬಲವನ್ನು ಅಳೆದು, ಗೋಪುರಗಳನ್ನು ಕಳಚಿ, ರಸ್ತೆಯನ್ನು ಕಡಿದು, ಗುಟ್ಟನ್ನು ಕಾಯ್ದು, ಹಿಮ ನಿಲ್ಲುವವರೆಗೆ ತಾಳ್ಮೆಯಿಂದ ಕಾದ ಬಳಿಕ ಅವರು ಆ ಟ್ಯಾಂಕನ್ನು ಏರಿದರು. ಮಾಡಬೇಕಾದ ಸಿದ್ಧತೆಯನ್ನೆಲ್ಲ ಮಾಡಿದ ಮೇಲೆಯೂ ಅಪಾಯವು ಉಳಿದೇ ಇರುತ್ತದೆ. ಆ ಉಳಿದ ಅಪಾಯದಲ್ಲಿ ಮೊದಲ ಪಾಲನ್ನು ತಾನು ತೆಗೆದುಕೊಳ್ಳಬೇಕೆಂಬುದೇ ಅವರ ನಾಯಕತ್ವದ ತಿರುಳು. ಲೇಹ್‌ನ ಹಾರಾಟದಲ್ಲಿಯೂ ಜೋಜಿಲಾದಲ್ಲಿಯೂ ನಾವು ಕಾಣುವುದು ಇದನ್ನೇ.

ಅನಂತರದ ಬದುಕಿನಲ್ಲಿ ಈ ಗುಣವು ಆಯುಧವಿಲ್ಲದ ಕ್ಷೇತ್ರಗಳಲ್ಲಿಯೂ ಬೆಳಗಿತು. ಕೊರಿಯಾ ಯುದ್ಧವು ನಿಂತ ಮೇಲೆ, ಸ್ವದೇಶಕ್ಕೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಸಮಸ್ಯೆಯು ಜಗತ್ತನ್ನು ಕಾಡಿತು. ಅದಕ್ಕಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ತಿಮ್ಮಯ್ಯನವರು ಅಧ್ಯಕ್ಷರಾದರು. ಎರಡು ಬಣಗಳೂ ಪರಸ್ಪರ ಶಂಕಿಸುತ್ತಿದ್ದ ಆ ಸಂಧಿಕಾಲದಲ್ಲಿ ನಿಷ್ಪಕ್ಷಪಾತಿಯೆಂಬ ಕೀರ್ತಿಯನ್ನು ಅವರು ಭಾರತಕ್ಕೆ ತಂದುಕೊಟ್ಟರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. 1957ರ ಮೇ ತಿಂಗಳಿನಿಂದ 1961ರ ಮೇ ತಿಂಗಳವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರೂ ಕೊಡಗಿನವರೇ ಎಂಬುದನ್ನು ಇಲ್ಲಿ ಸ್ಮರಿಸಬೇಕು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಉಂಟಾದಾಗ ರಾಜೀನಾಮೆ ಸಲ್ಲಿಸಿ, ಪ್ರಧಾನಿ ನೆಹರೂ ಅವರ ಮಾತಿನಂತೆ ಅದನ್ನು ಹಿಂದೆಗೆದುಕೊಂಡರು.

ನಿವೃತ್ತಿಯ ಬಳಿಕವೂ ಕರ್ತವ್ಯವು ಅವರನ್ನು ಕರೆಯಿತು. ಗ್ರೀಕ್ ಮತ್ತು ತುರ್ಕಿ ಜನಾಂಗಗಳ ಕಲಹದಿಂದ ಬೆಂದಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ 1964ರಲ್ಲಿ ಅವರು ನಿಯುಕ್ತರಾದರು. ಅಲ್ಲಿಯೇ, 1965ರ ಡಿಸೆಂಬರ್ 18ರಂದು, ತಮ್ಮ 59ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಸೈಪ್ರಸ್ ದೇಶವು 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಅವರ ಪಾರ್ಥಿವ ಶರೀರವು ಬೆಂಗಳೂರಿನ ಮಣ್ಣಿನಲ್ಲಿ ವಿಶ್ರಮಿಸಿದೆ. ಮಡಿಕೇರಿಯಲ್ಲಿ ಅವರು ಬಾಳಿದ ಸನ್ನಿಸೈಡ್ ಎಂಬ ಮನೆಯು ಇಂದು ಸ್ಮಾರಕ ಸಂಗ್ರಹಾಲಯವಾಗಿದೆ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ಉದ್ಘಾಟಿಸಿದರು. ಪಾಲಕರು ಮಕ್ಕಳನ್ನು ಕರೆದುಕೊಂಡು ತಲಕಾವೇರಿಗೆ ಹೋಗುವಾಗ ಮಡಿಕೇರಿಯಲ್ಲಿ ಒಂದು ಗಳಿಗೆ ಇಳಿದು ಆ ಮನೆಯನ್ನೂ ತೋರಿಸಬೇಕೆಂಬುದು ನಮ್ಮ ಕೋರಿಕೆ.

ನಮ್ಮ ವಿದ್ಯಾರ್ಥಿಗಳಲ್ಲಿ ಎಲ್ಲರೂ ಸೇನೆಯನ್ನು ಸೇರುವವರಲ್ಲ. ಸೇರುವವರು ಸೇರಲಿ, ಅವರಿಗೆ ನಮ್ಮ ಹರಕೆಯಿದೆ. ಆದರೆ ಮನೆಯನ್ನಾಗಲಿ, ಊರಿನ ಸಂಘವನ್ನಾಗಲಿ, ಕಚೇರಿಯನ್ನಾಗಲಿ, ಒಂದು ಶಾಲೆಯನ್ನಾಗಲಿ ನಡೆಸುವ ಹೊಣೆಯು ಒಂದಲ್ಲ ಒಂದು ದಿನ ಪ್ರತಿಯೊಬ್ಬರ ಹೆಗಲಿಗೂ ಬರುತ್ತದೆ. ಇನ್ನೊಬ್ಬರಿಗೆ ಕಷ್ಟದ ಕೆಲಸವನ್ನು ಹೇಳಬೇಕಾಗಿ ಬಂದಾಗ, ಆ ಕಷ್ಟದ ಮೊದಲ ಪಾಲು ಯಾರದೆಂಬ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಳ್ಳಲಿ. ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದನ್ನು ನೂರು ವರ್ಷ ಉಳಿಸಿಕೊಂಡು ಬಂದ ಹಿರಿಯರು ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರಿಸಿದ್ದಾರೆ. ಊರವರ ಮನೆಬಾಗಿಲಿಗೆ ನಡೆದು ಮಕ್ಕಳನ್ನು ಕರೆತಂದ ಅಧ್ಯಾಪಕರೂ, ತಮ್ಮ ಮಕ್ಕಳನ್ನೇ ಮೊದಲು ಇಲ್ಲಿಗೆ ಸೇರಿಸಿ ಬಳಿಕ ಪರರಿಗೆ ಹೇಳಿದ ಪಾಲಕರೂ ಆ ಸಾಲಿಗೆ ಸೇರಿದವರು. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಹೊತ್ತಿನಲ್ಲಿ, ಜೋಜಿಲಾದ ಮೊದಲ ಟ್ಯಾಂಕಿನಲ್ಲಿ ಕುಳಿತ ಆ ಕೊಡಗಿನ ಸೇನಾನಿಯನ್ನು ನಾವು ಗೌರವದಿಂದ ನೆನೆಯುತ್ತೇವೆ.